ಮನಸ್ಸಿನ ಬೇನೆ ಮತ್ತು ಅದರ ಮದ್ದು

ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವು ಭೀಮಾ ಮತ್ತು ಅಮರ್ಜಾ ನದಿಗಳ ಸಂಗಮದ ಸಮೀಪದಲ್ಲಿರುವ ಪ್ರಸಿದ್ಧ ದತ್ತಕ್ಷೇತ್ರ. ಮಧ್ಯಾಹ್ನದ ಮಹಾಮಂಗಳಾರತಿಯ ಹೊತ್ತಿಗೆ ಅಲ್ಲಿಗೆ ಹೋದ ವಾಚಕರು ಒಂದು ದೃಶ್ಯವನ್ನು ಕಂಡಿರಬಹುದು. ವಾದ್ಯಗಳ ಸದ್ದು ಏರುತ್ತಿದ್ದಂತೆ ಜನಸಂದಣಿಯ ನಡುವೆ ಒಬ್ಬ ಹೆಣ್ಣುಮಗಳು ಕೂಗತೊಡಗುವಳು. ಇನ್ನೊಬ್ಬನು ಕಂಬವನ್ನೋ ಕಬ್ಬಿಣದ ಸರಳುಗಳನ್ನೋ ಹಿಡಿದು ಮೇಲಕ್ಕೇರುವನು. ಮತ್ತೊಬ್ಬಳು ತನ್ನದಲ್ಲದ ದನಿಯಲ್ಲಿ ಯಾರನ್ನೋ ಬಯ್ಯುವಳು. ಆರತಿ ಮುಗಿದ ಮೇಲೆ ಇವರು ದಣಿದು ಕುಸಿದು, ನಡೆದುದೇನೆಂಬುದೇ ತಿಳಿಯದವರಂತೆ ಸುತ್ತಲೂ ನೋಡುವರು. ಜೊತೆಗೆ ಬಂದವರನ್ನು ವಿಚಾರಿಸಿದರೆ "ಗಾಳಿ ಬಡದದರೀ", "ಹೊರಗಿನ ಕಾಟ ಅದ" ಎಂಬ ಉತ್ತರ ಬರುವುದು.

ಇಂಥದನ್ನು ಕಂಡು ಹೆದರುವುದೂ ಸುಲಭ, ನಗುವುದೂ ಸುಲಭ. ವಿಜ್ಞಾನದ ವಿದ್ಯಾರ್ಥಿಗೆ ಇವೆರಡೂ ಸಲ್ಲವು. ಆತನು ಕೇಳಬೇಕಾದ ಪ್ರಶ್ನೆಗಳು ಬೇರೆ. ಈ ಜನರಿಗೆ ಆಗಿರುವುದೇನು? ಅವರಲ್ಲಿ ಕೆಲವರು ನೆಮ್ಮದಿಯಿಂದ ಊರಿಗೆ ಹಿಂದಿರುಗುವುದೂ ನಿಜ, ಅದು ಹೇಗೆ? ಹಾಗೆ ಗುಣ ಕಾಣದವರ ಗತಿಯೇನು? ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಏಕೆಂದರೆ, ತಕ್ಕ ಚಿಕಿತ್ಸೆ ದೊರೆತರೆ ಗುಣವಾಗುವ ಬೇನೆಯನ್ನು ಹೊತ್ತು ವರ್ಷಗಟ್ಟಲೆ ಅಲೆಯುವವರು ನಮ್ಮ ನಡುವೆ ಬಹು ಮಂದಿ ಇದ್ದಾರೆ.

ಎಷ್ಟು ಜನರಿಗೆ?

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ದೇಶದ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಸಮೀಕ್ಷೆಯ ಕಾಲದಲ್ಲಿ ವಯಸ್ಕರ ಪೈಕಿ ಶೇಕಡಾ 10.6ರಷ್ಟು ಮಂದಿ ಒಂದಲ್ಲ ಒಂದು ಮಾನಸಿಕ ಬೇನೆಯಿಂದ ನರಳುತ್ತಿದ್ದರು. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಬೇರೆ ಬೇರೆ ಬೇನೆಗಳಲ್ಲಿ ಈ ಕೊರತೆಯು ಶೇಕಡಾ 70ರಿಂದ 92ರವರೆಗೆ ಇತ್ತು. ಈ ಪ್ರಮಾಣವನ್ನು ನಮ್ಮ ಕಡೆಯ ಒಂದು ಊರಿಗೆ ಅನ್ವಯಿಸಿ ನೋಡೋಣ. ಎರಡು ಸಾವಿರ ವಯಸ್ಕರಿರುವ ಊರಿನಲ್ಲಿ ಸುಮಾರು 200 ಮಂದಿ ಮನಸ್ಸಿನ ಬೇನೆಯುಳ್ಳವರು. ಅವರಲ್ಲಿ ಕನಿಷ್ಠ 140 ಮಂದಿ ವೈದ್ಯನನ್ನೇ ಕಾಣದವರು.

ಇವರೆಲ್ಲರೂ ಬೀದಿಯಲ್ಲಿ ಬಟ್ಟೆ ಹರಿದುಕೊಂಡು ತಿರುಗುವವರಲ್ಲ. "ಹುಚ್ಚು" ಎಂಬ ಮಾತಿನಿಂದ ನಮ್ಮ ಕಣ್ಣ ಮುಂದೆ ನಿಲ್ಲುವ ಚಿತ್ರವು ಇವರಲ್ಲಿ ತೀರ ಕೆಲವರಿಗೆ ಮಾತ್ರ ಅನ್ವಯಿಸುವುದು. ಉಳಿದವರು ಹೊಲಕ್ಕೆ ಹೋಗುತ್ತಾರೆ, ರೊಟ್ಟಿ ಬಡಿಯುತ್ತಾರೆ, ತರಗತಿಯಲ್ಲಿ ಕುಳಿತಿರುತ್ತಾರೆ. ಇನ್ನೂ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮಾನಸಿಕ ಬೇನೆಗಳಲ್ಲಿ ಸುಮಾರು ಅರ್ಧದಷ್ಟು ಮೊದಲು ತಲೆದೋರುವುದು 18 ವರ್ಷ ತುಂಬುವುದರೊಳಗೆ. ಆದ್ದರಿಂದ ಈ ಲೇಖನವು ಯಾರದೋ ಕಥೆಯಲ್ಲ.

ಭಯದ ಸುತ್ತು

ಎಲ್ಲಕ್ಕಿಂತ ಸಾಮಾನ್ಯವಾದವು ಉದ್ವೇಗದ ಬೇನೆಗಳು. ಇವನ್ನು ತಿಳಿಯಲು ಜೇವರ್ಗಿಯ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ದ್ವಿತೀಯ ಪಿಯುಸಿಯ ಪರೀಕ್ಷೆ ಹತ್ತಿರ ಬಂದಿದೆ. ಒಂದು ದಿನ ಬಸ್ಸಿನಲ್ಲಿ ಕಿಕ್ಕಿರಿದು ನಿಂತಿರುವಾಗ ಇದ್ದಕ್ಕಿದ್ದಂತೆ ಅವನ ಎದೆ ಡವಡವನೆ ಹೊಡೆದುಕೊಳ್ಳತೊಡಗುವುದು. ಉಸಿರು ಸಾಲದೆಂಬ ಭಾವನೆ, ಬೆವರು, ಕೈ ಬೆರಳುಗಳಲ್ಲಿ ಜುಮುಜುಮು, ತಲೆ ಹಗುರವಾಗಿ ಬೀಳುವಂತಾಗುವುದು. "ಸತ್ತೇ ಹೋಗುತ್ತೇನೆ" ಎಂದು ಅವನಿಗೆ ಅನ್ನಿಸುವುದು. ವೈದ್ಯರು ಹೃದಯವನ್ನು ಪರೀಕ್ಷಿಸಿ "ಏನೂ ಇಲ್ಲ" ಎನ್ನುವರು. ಅವನಿಗಾದರೋ ಏನೋ ಇದೆ.

ನಿಜವಾಗಿ ನಡೆದದ್ದು ಹೀಗೆ. ಮಿದುಳಿನ ಒಳಭಾಗದಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವಿದೆ. ಅಪಾಯದ ಸುಳಿವು ದೊರೆತೊಡನೆ ದೇಹವನ್ನು ಎಚ್ಚರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಅದರ ಕರೆಯಿಂದ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುವುವು. ಹೃದಯದ ಬಡಿತವೂ ಉಸಿರೂ ತೀವ್ರವಾಗುವುವು; ರಕ್ತವು ಮಾಂಸಖಂಡಗಳಿಗೆ ನುಗ್ಗುವುದು. ಹೊಲದಲ್ಲಿ ಹಾವು ಎದುರಾದಾಗ ಈ ಏರ್ಪಾಡು ನಮ್ಮ ಪ್ರಾಣವನ್ನು ಉಳಿಸುವುದು. ಆದರೆ ಬಸ್ಸಿನಲ್ಲಿ ಹಾವಿಲ್ಲ, ಓಡಲು ಸ್ಥಳವೂ ಇಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ಉಸಿರಾಡಿದ್ದರಿಂದ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಇಳಿದು, ಮಿದುಳಿನ ರಕ್ತನಾಳಗಳು ಕಿರಿದಾಗಿ, ತಲೆ ಹಗುರವಾಗುವುದು, ಬೆರಳು ಜುಮುಗುಟ್ಟುವುದು. ಹುಡುಗನು ಈ ಲಕ್ಷಣಗಳನ್ನೇ ಸಾವಿನ ಸೂಚನೆಯೆಂದು ತಿಳಿಯುವನು. ಆ ತಿಳಿವಳಿಕೆಯಿಂದ ಭಯ ಇಮ್ಮಡಿಸುವುದು. ಭಯದಿಂದ ಲಕ್ಷಣಗಳು ಇಮ್ಮಡಿಸುವುವು.

ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಈ ಸುತ್ತು ಅಪರಿಚಿತವಲ್ಲ. ಜಾತ್ರೆಯ ನಾಟಕದಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗೆ ಹಿಡಿದರೆ ಏನಾಗುವುದೆಂದು ಎಲ್ಲರೂ ಬಲ್ಲರು. ಧ್ವನಿವರ್ಧಕದಿಂದ ಹೊರಟ ಸಣ್ಣ ಸದ್ದು ಮೈಕಿನೊಳಗೆ ಹೊಕ್ಕು, ದೊಡ್ಡದಾಗಿ ಹೊರಬಂದು, ಪುನಃ ಮೈಕನ್ನು ಹೊಕ್ಕು, ಕ್ಷಣಮಾತ್ರದಲ್ಲಿ ಕಿವಿ ಬಿರಿಯುವ ಕೂಗಾಗುವುದು. ಮೈಕೂ ಕೆಟ್ಟಿಲ್ಲ, ಧ್ವನಿವರ್ಧಕವೂ ಕೆಟ್ಟಿಲ್ಲ. ಅವೆರಡರ ನಡುವಿನ ಸುತ್ತು ಕೆಟ್ಟಿದೆ. ಚಿಕಿತ್ಸೆಯೆಂದರೆ ಈ ಸುತ್ತನ್ನು ಎಲ್ಲಿಯಾದರೂ ಒಂದೆಡೆ ಕತ್ತರಿಸುವುದು.

ನಮ್ಮ ವಿದ್ಯಾರ್ಥಿಯು ಮರುದಿನದಿಂದ ಬಸ್ಸನ್ನೇ ಬಿಟ್ಟನೆಂದು ಇಟ್ಟುಕೊಳ್ಳಿ. ಅವನಿಗೆ ತಕ್ಷಣ ಹಾಯೆನಿಸುವುದು. ಆದರೆ "ಬಸ್ಸು ಹತ್ತದ್ದರಿಂದಲೇ ಬದುಕಿದೆ" ಎಂಬ ತಪ್ಪು ಪಾಠವನ್ನು ಮಿದುಳು ಕಲಿಯುವುದು. ಕೆಲವು ದಿನಗಳಲ್ಲಿ ಸಂತೆ, ಆಮೇಲೆ ತರಗತಿ, ಕೊನೆಗೆ ಪರೀಕ್ಷಾ ಕೊಠಡಿ ಕೂಡ ಅಪಾಯದ ಪಟ್ಟಿಗೆ ಸೇರುವುದು.

ಭಯವನ್ನು ಬಿಡಿಸುವ ಬಗೆ

ಕಲಿತ ಭಯವನ್ನು ಬಿಡಿಸಬಹುದೆಂದು 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ವಿದುಷಿ ತೋರಿಸಿಕೊಟ್ಟಳು. ಸುಮಾರು ಮೂರು ವರ್ಷದ ಪೀಟರ್ ಎಂಬ ಬಾಲಕನಿಗೆ ಬಿಳಿಯ ಮೊಲವೆಂದರೆ ಬಹಳ ಹೆದರಿಕೆ. ಅವನು ತನಗೆ ಪ್ರಿಯವಾದ ತಿಂಡಿಯನ್ನು ತಿನ್ನುತ್ತಿರುವಾಗ ಗೂಡಿನಲ್ಲಿದ್ದ ಮೊಲವನ್ನು ದೂರದಲ್ಲಿರಿಸಿ, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ಹತ್ತಿರ ತಂದರು. ಕೊನೆಗೆ ಆ ಮೊಲವು ತನ್ನ ಬೆರಳುಗಳನ್ನು ಮೂಸಿ ಕಚ್ಚಾಡಿದರೂ ಪೀಟರನು ಹೆದರಲಿಲ್ಲ. 1958ರಲ್ಲಿ ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ ಎಂಬ ವೈದ್ಯನು ಇದೇ ಬಗೆಯ ತತ್ತ್ವವನ್ನು ವ್ಯವಸ್ಥಿತವಾದ ಚಿಕಿತ್ಸೆಯಾಗಿ ಬೆಳೆಸಿ ಪುಸ್ತಕವನ್ನು ಬರೆದನು.

ಇಂದಿನ ಚಿಕಿತ್ಸಕನು ನಮ್ಮ ಹುಡುಗನಿಗೆ ಮೊದಲು ಮೇಲಿನ ಸುತ್ತನ್ನು ವಿವರಿಸುವನು. ಬಳಿಕ ಇಬ್ಬರೂ ಕೂಡಿ ಒಂದು ಏಣಿಯನ್ನು ರಚಿಸುವರು: ನಿಂತ ಬಸ್ಸಿನಲ್ಲಿ ಐದು ನಿಮಿಷ ಕುಳಿತಿರುವುದು, ಒಂದು ನಿಲ್ದಾಣದವರೆಗೆ ಗೆಳೆಯನೊಡನೆ ಹೋಗುವುದು, ಒಬ್ಬನೇ ಹೋಗುವುದು, ಕಡೆಗೆ ಕಿಕ್ಕಿರಿದ ಬಸ್ಸು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ನಿಯಮ ಒಂದೇ. ಭಯ ಏರಿದಾಗ ಓಡಬಾರದು. ಅದು ತಾನಾಗಿ ಇಳಿಯುವವರೆಗೆ ಅಲ್ಲಿಯೇ ಇರಬೇಕು. ಇಂಥ ಭಯದ ಆಘಾತವು ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತುತ್ತತುದಿಯನ್ನು ಮುಟ್ಟಿ ಆಮೇಲೆ ಇಳಿಯುವುದು. ಇಳಿದುದನ್ನು ಸ್ವತಃ ಕಂಡ ಮಿದುಳು ಹೊಸ ಪಾಠವನ್ನು ಕಲಿಯುವುದು. ಉಪದೇಶದಿಂದ ಆಗದ ಕೆಲಸ ಅನುಭವದಿಂದ ಆಗುವುದು.

ಗೀಳಿನ ಬೇನೆಯೂ ಇದರ ಹತ್ತಿರದ ನೆಂಟನೇ. ಕೈ ಮಲಿನವಾಯಿತೆಂಬ ಯೋಚನೆ ಬೇಡವೆಂದರೂ ಬರುವುದು. ತೊಳೆದರೆ ಕ್ಷಣಕಾಲ ಸಮಾಧಾನ. ಮತ್ತೆ ಯೋಚನೆ, ಮತ್ತೆ ತೊಳೆಯುವುದು. ಕೈಯ ಚರ್ಮ ಸುಲಿದರೂ ನಿಲ್ಲದು. ಇದನ್ನು "ಮಡಿಯ ಹುಚ್ಚು" ಎಂದು ಹಾಸ್ಯ ಮಾಡುವುದುಂಟು. ಅನುಭವಿಸುವವರಿಗೆ ಅದು ಸೆರೆಮನೆ. ಯೋಚನೆ ಬಂದರೂ ತೊಳೆಯದೆ ತಡೆದು ಕುಳಿತಿರುವ ಅಭ್ಯಾಸವೇ, ಚಿಕಿತ್ಸಕನ ನೆರವಿನಿಂದ, ಇದಕ್ಕೂ ಮುಖ್ಯ ಮದ್ದು.

ದೊಡ್ಡ ಆಪತ್ತುಗಳೂ ಮನಸ್ಸಿನಲ್ಲಿ ಗಾಯವನ್ನು ಉಳಿಸುವುವು. ಆಳಂದದ ಗಡಿಯಾಚೆ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಭೂಕಂಪವಾಗಿ ಸಾವಿರಾರು ಜನ ಮಲಗಿದ್ದಲ್ಲಿಯೇ ಮಡಿದರು. 2020ರ ಅಕ್ಟೋಬರಿನಲ್ಲಿ ಭೀಮಾ ನದಿಯ ನೆರೆ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಇಂಥ ಆಪತ್ತುಗಳಲ್ಲಿ ಬದುಕಿ ಉಳಿದವರಲ್ಲಿ ಕೆಲವರಿಗೆ, ನೆಲ ನಿಂತ ಮೇಲೂ ನೀರು ಇಳಿದ ಮೇಲೂ, ಅದೇ ದೃಶ್ಯ ಕನಸಿನಲ್ಲಿಯೂ ಎಚ್ಚರದಲ್ಲಿಯೂ ಮರುಕಳಿಸುವುದುಂಟು. ಇದು ಹೇಡಿತನವಲ್ಲ, ಗುರುತಿಸಿ ಚಿಕಿತ್ಸೆ ನೀಡಬಹುದಾದ ಬೇನೆ.

ಖಿನ್ನತೆ

ದುಃಖವೇ ಖಿನ್ನತೆಯಲ್ಲ. ತೊಗರಿ ಬೆಳೆ ಒಣಗಿದಾಗ, ಮನೆಯವರು ತೀರಿಕೊಂಡಾಗ ದುಃಖವಾಗುವುದು ಮನುಷ್ಯಸಹಜ. ಆದರೆ ಮಂಕುತನವು ದಿನವಿಡೀ, ಎರಡು ವಾರಗಳಿಗೂ ಹೆಚ್ಚು ಕಾಲ ಬಿಡದೆ ಕವಿದು, ಮೊದಲು ಸಂತೋಷ ಕೊಡುತ್ತಿದ್ದ ಯಾವುದೂ ಬೇಡವಾಗಿ, ನಿದ್ರೆ ಹಸಿವುಗಳು ಕೆಟ್ಟು, ಮೈ ಭಾರವಾಗಿ, "ನಾನು ಕೆಲಸಕ್ಕೆ ಬಾರದವನು" ಎಂಬ ಯೋಚನೆ ಬೇರೂರಿದರೆ ಅದು ಬೇನೆ. ನಮ್ಮ ಹಳ್ಳಿಗಳಲ್ಲಿ ಇದು ಮನಸ್ಸಿನ ಮಾತಾಗಿ ಹೊರಬರುವುದು ಕಡಿಮೆ. ಮೈಕೈ ನೋವು, ತಲೆಶೂಲೆ, ನಿತ್ರಾಣ ಎಂದು ಹೇಳಿಕೊಂಡು ಬಂದವರಿಗೆ ಸೂಜಿಮದ್ದು, ಶಕ್ತಿಯ ಮಾತ್ರೆ ಕೊಟ್ಟು ಕಳುಹಿಸುವುದೂ ಉಂಟು.

ಅಮೆರಿಕದ ಆರನ್ ಬೆಕ್ ಎಂಬ ಮನೋವೈದ್ಯನು 1960ರ ದಶಕದಲ್ಲಿ ಖಿನ್ನರ ಯೋಚನೆಯ ಧಾಟಿಯನ್ನು ಗಮನಿಸಿದನು. ಒಂದು ಕಿರುಪರೀಕ್ಷೆಯಲ್ಲಿ ನಪಾಸಾದ ವಿದ್ಯಾರ್ಥಿನಿಯು "ಈ ಅಧ್ಯಾಯ ಸರಿಯಾಗಿ ಓದಿರಲಿಲ್ಲ" ಎಂದುಕೊಳ್ಳದೆ, "ನನ್ನಿಂದ ಏನೂ ಆಗದು, ಎಂದಿಗೂ ಆಗದು, ಎಲ್ಲರೂ ನನ್ನನ್ನು ಕಂಡು ನಗುತ್ತಾರೆ" ಎಂದುಕೊಳ್ಳುವಳು. ಚಿಕಿತ್ಸಕನು ಅವಳಿಗೆ ಸುಳ್ಳು ಧೈರ್ಯ ಹೇಳುವುದಿಲ್ಲ. ಆ ಯೋಚನೆಯನ್ನು ಒಂದು ಊಹೆಯೆಂದು ತೆಗೆದುಕೊಂಡು, ಪ್ರಯೋಗಶಾಲೆಯಲ್ಲಿ ನಾವು ಮಾಡುವಂತೆ, ಅದಕ್ಕೆ ಪರವಾದ ಸಾಕ್ಷ್ಯವೇನು, ವಿರುದ್ಧವಾದ ಸಾಕ್ಷ್ಯವೇನು ಎಂದು ಅವಳಿಂದಲೇ ಬರೆಯಿಸುವನು. ಇದಕ್ಕಿಂತಲೂ ಸರಳವಾದ ಇನ್ನೊಂದು ವಿಧಾನವುಂಟು. ಖಿನ್ನನಾದವನು "ಮನಸ್ಸು ಸರಿಹೋದ ಮೇಲೆ ಕೆಲಸ ಮಾಡುತ್ತೇನೆ" ಎಂದು ಮಲಗಿಯೇ ಇರುವನು. ಮಲಗಿದಷ್ಟೂ ಸಂತೋಷದ ಸಂದರ್ಭಗಳು ದೂರವಾಗುವುವು. ಮನಸ್ಸು ಇನ್ನೂ ಕುಗ್ಗುವುದು. ಇಲ್ಲಿಯೂ ಅದೇ ಸುತ್ತು. ಆದ್ದರಿಂದ ಮನಸ್ಸಿಗೆ ಕಾಯದೆ, ಸಣ್ಣ ಸಣ್ಣ ಕೆಲಸಗಳನ್ನು ದಿನಕ್ಕೊಂದರಂತೆ ಗೊತ್ತುಮಾಡಿಕೊಂಡು ನಡೆಸಬೇಕು. ಕೆಲಸ ಮುಂದೆ, ಮನಸ್ಸು ಅದರ ಹಿಂದೆ.

ಮಾತಿನಿಂದ ಗುಣವಾಗುವುದು ನಿಜವೇ?

"ಬರಿಯ ಮಾತಿನಿಂದ ರೋಗ ಹೋಗುವುದೇ? ಹೇಗೂ ತಾನಾಗಿ ಗುಣವಾಗುತ್ತಿರಲಿಲ್ಲವೇ?" ಎಂದು ವಾಚಕರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು. ಉತ್ತರವು ನಮ್ಮ ನೆರೆಯ ಗೋವೆಯಿಂದ ಬಂದಿದೆ. ಅಲ್ಲಿನ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದ, ತೀವ್ರ ಖಿನ್ನತೆಯುಳ್ಳ 495 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿದರು. ಒಂದು ಗುಂಪಿಗೆ ಕೇಂದ್ರದ ವೈದ್ಯರ ಸುಧಾರಿತ ಆರೈಕೆ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಮೇಲೆ ಹೇಳಿದ "ಕೆಲಸ ಮುಂದೆ" ಎಂಬ ಬಗೆಯ ಆಪ್ತಸಲಹೆ, ಆರರಿಂದ ಎಂಟು ಭೇಟಿಗಳಲ್ಲಿ. ಸಲಹೆ ನೀಡಿದವರು ಮನೋವೈದ್ಯರಲ್ಲ; ತರಬೇತಿ ಪಡೆದ ಸ್ಥಳೀಯ ಸಾಮಾನ್ಯ ಜನರು. ಮೂರು ತಿಂಗಳ ತರುವಾಯ ನೋಡಿದಾಗ ಮೊದಲ ಗುಂಪಿನಲ್ಲಿ ಶೇಕಡಾ 39 ಮಂದಿ, ಎರಡನೆಯದರಲ್ಲಿ ಶೇಕಡಾ 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು. ಈ ಫಲಿತಾಂಶವು 2017ರಲ್ಲಿ ಲ್ಯಾನ್ಸೆಟ್ ಎಂಬ ಪ್ರಖ್ಯಾತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ಎರಡು ಅಂಕಿಗಳೂ ಪಾಠ ಹೇಳುವಂಥವು. ಮಾತಿನ ಚಿಕಿತ್ಸೆ ಸಿಗದಿದ್ದರೂ 39 ಮಂದಿ ಸುಧಾರಿಸಿದರು. ಆದುದರಿಂದ "ನನಗೆ ಇಂಥದರಿಂದ ಗುಣವಾಯಿತು" ಎಂಬ ಒಬ್ಬರ ಮಾತಿನಿಂದ ಯಾವ ಚಿಕಿತ್ಸೆಯೂ, ಅದು ತಾಯಿತವಾಗಲಿ ಮಾತ್ರೆಯಾಗಲಿ, ಸಿದ್ಧವಾಗದು. ಹೋಲಿಕೆಯ ಗುಂಪು ಬೇಕು. 39ಕ್ಕೂ 64ಕ್ಕೂ ಇರುವ ಅಂತರವೇ ಚಿಕಿತ್ಸೆಯ ನಿಜವಾದ ಫಲ.

ಮಾತ್ರೆಗಳ ಕಥೆ

ಬೇನೆ ತೀವ್ರವಾದಾಗ ಮಾತಿನೊಂದಿಗೆ ಔಷಧವೂ ಬೇಕಾಗುವುದು. ಈ ಕಥೆಯಲ್ಲಿ ನಮ್ಮ ದೇಶಕ್ಕೂ ಸ್ಥಾನವುಂಟು. ಸರ್ಪಗಂಧದ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಬರೆದಿದ್ದರು. 1952ರಲ್ಲಿ ಸ್ವಿಜರ್ಲೆಂಡಿನ ರಸಾಯನಜ್ಞರು ಆ ಬೇರಿನಿಂದ ರಿಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೇ ವರ್ಷ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧದಿಂದ ಉನ್ಮತ್ತರಾದ ರೋಗಿಗಳು ಶಾಂತರಾದುದು ಕಂಡುಬಂದಿತು. ಉನ್ಮಾದಕ್ಕೆ ಲಿಥಿಯಂ ಲವಣದಿಂದ ಗುಣವಿದೆಯೆಂದು ಆಸ್ಟ್ರೇಲಿಯದ ಜಾನ್ ಕೇಡ್ 1949ರಲ್ಲಿಯೇ ತಿಳಿಸಿದ್ದನು. ಖಿನ್ನತೆಗೆ ಇಮಿಪ್ರಮೀನ್ 1957ರಲ್ಲಿ ಬಂದಿತು. ರಿಸರ್ಪಿನ್ ಅಡ್ಡಪರಿಣಾಮಗಳಿಂದಾಗಿ ಹಿಂದೆ ಸರಿಯಿತು. ಉಳಿದವುಗಳ ಜೊತೆಗೆ ಹೆಚ್ಚು ಸುರಕ್ಷಿತವಾದ ಹೊಸ ಔಷಧಗಳು ಸೇರಿವೆ.

ಖಿನ್ನತೆಯ ಮಾತ್ರೆಗಳು ನರಕೋಶಗಳ ನಡುವೆ ಸುದ್ದಿ ಒಯ್ಯುವ ಸಿರೊಟೊನಿನ್ ಮುಂತಾದ ವಸ್ತುಗಳ ಮೇಲೆ ವರ್ತಿಸುವುವು. ಆದರೆ ಖಿನ್ನತೆಯೆಂದರೆ ಕೇವಲ ಸಿರೊಟೊನಿನ್ನಿನ ಕೊರತೆಯೆಂಬ ವಿವರಣೆ ಅತಿಸರಳವಾದದ್ದು. ಅನುವಂಶೀಯತೆ, ಬಾಲ್ಯದ ಅನುಭವ, ಸಾಲಸೋಲ, ಒಂಟಿತನ ಎಲ್ಲವೂ ಕೂಡಿ ಬೇನೆಯಾಗುವುದು. ಈ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ನಾಲ್ಕು ದಿನ ನುಂಗಿ "ಗುಣವಿಲ್ಲ" ಎಂದು ಬಿಡುವುದೂ, ಸ್ವಲ್ಪ ಗುಣವಾದೊಡನೆ ವೈದ್ಯರನ್ನು ಕೇಳದೆ ನಿಲ್ಲಿಸುವುದೂ ಸಾಮಾನ್ಯವಾದ ಎರಡು ತಪ್ಪುಗಳು.

ಮತ್ತೆ ಗಾಣಗಾಪುರಕ್ಕೆ

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. "ಗಾಳಿ ಬಡಿದಿದೆ" ಎಂದು ಕರೆತರುವವರಲ್ಲಿ ಬೇರೆ ಬೇರೆ ಬೇನೆಯವರು ಬೆರೆತಿರುತ್ತಾರೆ. ಕೆಲವರದು ವಿಘಟನೆ ಎಂಬ ಸ್ಥಿತಿ: ಬಾಯಿಬಿಟ್ಟು ಹೇಳಲಾಗದ ಸಂಕಟವು, ಮುಖ್ಯವಾಗಿ ಮಾತಿಗೆ ಬೆಲೆಯಿಲ್ಲದ ಮನೆಯ ಸೊಸೆಯಂಥವರಲ್ಲಿ, ಬೇರೊಂದು ವ್ಯಕ್ತಿತ್ವದ ದನಿಯಾಗಿ ಹೊರಬೀಳುವುದು. ಇದು ನಟನೆಯಲ್ಲ. ಇನ್ನು ಕೆಲವರದು ಸ್ಕಿಜೋಫ್ರೀನಿಯಾ: ಯಾರೂ ಇಲ್ಲದಾಗ ದನಿಗಳು ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ಹೂಡಿದ್ದಾರೆಂಬ ಬಲವಾದ ಶಂಕೆ. ಲೋಕದಲ್ಲಿ ಸುಮಾರು 300 ಜನರಿಗೊಬ್ಬರಂತೆ ಈ ಬೇನೆಯುಂಟೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮತ್ತೆ ಕೆಲವರದು ಮನೋರೋಗವೇ ಅಲ್ಲ. ಮಿದುಳಿನಲ್ಲಿ ವಿದ್ಯುತ್ತಿನ ಅಸಹಜ ಚಟುವಟಿಕೆಯಿಂದಾಗುವ ಮೂರ್ಛೆರೋಗ. ಸರಿಯಾಗಿ ಔಷಧ ಕೊಟ್ಟರೆ ಅಂಥವರಲ್ಲಿ ನೂರಕ್ಕೆ 70ರಷ್ಟು ಮಂದಿ ಮೂರ್ಛೆಯಿಲ್ಲದೆ ಬಾಳಬಲ್ಲರು.

ದೇವಾಲಯದಲ್ಲಿ ಕೆಲವರಿಗೆ ಗುಣ ಕಾಣುವುದೇಕೆ? ನಿಮ್ಹಾನ್ಸಿನ ಸಂಶೋಧಕರು ತಮಿಳುನಾಡಿನ ಒಂದು ದೇವಾಲಯದಲ್ಲಿ ತಂಗಿದ್ದ 31 ಮಂದಿಯನ್ನು ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದರು. ಕೆಲವು ವಾರಗಳ ವಾಸದಿಂದ ಅವರ ರೋಗಲಕ್ಷಣಗಳ ಅಳತೆಯು ಸರಾಸರಿ ಶೇಕಡಾ 20ರಷ್ಟು ಇಳಿದಿತ್ತು. ಬೈಗುಳವಿಲ್ಲದ ಆಶ್ರಯ, ನಂಬಿಕೆ, ಮನೆಯವರ ಜೊತೆ, ನಿಯಮಿತ ದಿನಚರಿ ಇವು ಅಲ್ಲಿ ದೊರೆತಿದ್ದವು. ಇವನ್ನು ವಿಜ್ಞಾನವು ತುಚ್ಛವಾಗಿ ಕಾಣದು. ಆದರೆ ಅದೇ ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಗುಡಿಸಿಲಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿತರಾಗಿದ್ದ 28 ಮಂದಿ ಓಡಲಾರದೆ ಸತ್ತರು. ಆಶ್ರಯಕ್ಕೂ ಬಂಧನಕ್ಕೂ ಇರುವ ಅಂತರವನ್ನು ಆ ದುರಂತವು ದೇಶಕ್ಕೆ ತೋರಿಸಿತು. ಮನೋರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಸ್ಪಷ್ಟವಾಗಿ ನಿಷೇಧಿಸಿದೆ.

ಮಧ್ಯದ ದಾರಿಯೊಂದುಂಟು. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಲ್ಲಿ "ದವಾ–ದುವಾ" ಎಂಬ ಏರ್ಪಾಡು ಆರಂಭವಾಯಿತು. ದರ್ಗಾದ ಮುಜಾವರರೇ ರೋಗಿಯನ್ನು ಪ್ರಾರ್ಥನೆಯ ಜೊತೆಗೆ ಆವರಣದ ವೈದ್ಯರ ಬಳಿಗೂ ಕಳುಹಿಸುವರು. ಗಾಣಗಾಪುರದ ಪಾದುಕೆಗೆ ನಮಸ್ಕರಿಸುವವರೂ ಆಳಂದದ ಲಾಡ್ಲೆ ಮಶಾಕ್ ದರ್ಗಾದಲ್ಲಿ ಹರಕೆ ಹೊರುವವರೂ ಇದನ್ನು ನೆನೆಯಬೇಕು. ಹರಕೆಯನ್ನು ಬಿಡಬೇಕಾಗಿಲ್ಲ, ಮಾತ್ರೆಯನ್ನು ಬಿಡಬಾರದು, ಅಷ್ಟೆ.

ಎಲ್ಲಿಗೆ ಹೋಗಬೇಕು?

ಮನೋರೋಗಕ್ಕೆ ಬೆಂಗಳೂರು, ಧಾರವಾಡಗಳಿಗೇ ಹೋಗಬೇಕೆಂಬ ಕಾಲವೊಂದಿತ್ತು. ಅದನ್ನು ಬದಲಾಯಿಸಿದ ಪ್ರಯೋಗವು ನಮ್ಮ ಭಾಗದಲ್ಲಿಯೇ ನಡೆಯಿತೆಂಬುದು ಹೆಮ್ಮೆಯ ಸಂಗತಿ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಹಳ್ಳಿಯ ಮಟ್ಟದಲ್ಲಿಯೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಹುಟ್ಟಿತು. ಇಂದು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಮನೋವೈದ್ಯರು ಬರುವ ದಿನ ತಿಳಿಯುವುದು. ಕಲಬುರಗಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿಗೂ ಹೋಗಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು.

ವೈದ್ಯನು ಜನರ ಭಾಷೆಯಲ್ಲಿ ಮನಸ್ಸಿನ ಮಾತನ್ನಾಡಿದ ಪರಂಪರೆಯೂ ಕನ್ನಡಕ್ಕುಂಟು. ಕೊರವಂಜಿ ಪತ್ರಿಕೆಯಿಂದ ನಾಡನ್ನು ನಗಿಸಿದ "ರಾಶಿ"ಯವರು, ಎಂದರೆ ಡಾಕ್ಟರ್ ಎಂ. ಶಿವರಾಂ ಅವರು, ಮನಸ್ಸನ್ನು ಕುರಿತು ಬರೆದ ಮನಮಂಥನಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಪಕ್ಕದ ಗೆಳೆಯನು ಕೆಲವು ವಾರಗಳಿಂದ ಮಾತು ಬಿಟ್ಟು, ಊಟ ಬಿಟ್ಟು, "ಇದ್ದೇನು ಮಾಡೋದು" ಎನ್ನುತ್ತಿದ್ದರೆ, "ಧೈರ್ಯ ತಂದುಕೋ" ಎಂದಷ್ಟೇ ಹೇಳಿ ಎದ್ದುಹೋಗಬೇಡಿ. ಮುರಿದ ಕಾಲಿಗೆ ಯಾರೂ ಹಾಗೆ ಹೇಳುವುದಿಲ್ಲವಷ್ಟೆ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೊತ್ತಿರುವವನ ಭಾರ ಇಳಿಯುವುದು. ಹೌದೆಂದರೆ ಅವನನ್ನು ಒಬ್ಬನನ್ನೇ ಬಿಡಬೇಡಿ. ಮನೆಯ ಹಿರಿಯರಿಗೋ ಗುರುಗಳಿಗೋ ತಿಳಿಸಿ. ಹೊಲಕ್ಕೆ ತಂದಿಟ್ಟ ಕೀಟನಾಶಕವನ್ನು ಬೀಗದೊಳಗೆ ಇಡುವಂತೆ ಮನೆಯವರಿಗೆ ಹೇಳಿ. ಆಮೇಲೆ ಅವನ ಜೊತೆಯಲ್ಲಿಯೇ ಬಸ್ಸು ಹತ್ತಿ ವೈದ್ಯರ ಬಳಿಗೆ ಹೋಗಿ.